ಅತ್ತೆ, ಮಕ್ಕಳೊಂದಿಗೆ ಆಲ್ಪ್ಸ್‌ಗೆ ಹೋಗಿಬಂದ ಬಗೆ

ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಆಲ್ಪ್ಸ್ ಪರ್ವತಗಳಲ್ಲಿ ಬೇಸಿಗೆ ಕಾಲಿಡುವುದು ಜೂನ್ ನಡುವಿನ ಹೊತ್ತಿಗೆ. ಸ್ವಿಟ್ಜರ್ಲೆಂಡಿಗೆ ಕುಟುಂಬದೊಂದಿಗೆ ಹೋಗಿ ಈಗಷ್ಟೇ ಮೈಸೂರಿಗೆ ಮರಳಿರುವ ನನಗೆ, ಹೊರಡುವ ಮುನ್ನ ಯಾರೂ ಬಿಡಿಸಿ ಹೇಳದೆ ಹೋದ ಸಂಗತಿ ಇದೇ. ಏಪ್ರಿಲ್‌, ಮೇ ತಿಂಗಳುಗಳಲ್ಲಿ ಸ್ಕೀಯಿಂಗ್ ಋತು ಮುಗಿದು ಬೇಸಿಗೆಯ ಋತು ಇನ್ನೂ ಆರಂಭವಾಗಿರುವುದಿಲ್ಲವಾದ್ದರಿಂದ ಅನೇಕ ಕೇಬಲ್ ಕಾರುಗಳನ್ನು ದುರಸ್ತಿಗೆಂದು ನಿಲ್ಲಿಸಿರುತ್ತಾರೆ. ಎರಡು ಸಾವಿರ ಮೀಟರಿಗಿಂತ ಮೇಲಿನ ಕಾಲುದಾರಿಗಳಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ. ಗ್ರಿಮ್ಸೆಲ್, ಫುರ್ಕಾದಂಥ ಎತ್ತರದ ಘಟ್ಟದ ರಸ್ತೆಗಳು ಸಾಮಾನ್ಯವಾಗಿ ಜೂನ್‌ನಲ್ಲಿಯೇ ತೆರೆಯುತ್ತವೆ. ವರ್ಷವಿಡೀ ರೈಲು ಅಥವಾ ಕೇಬಲ್ ಕಾರ್ ಓಡುವ ಒಂದೆರಡು ಶಿಖರಗಳನ್ನು ನೋಡಿ ಬರುವವರಿಗೆ ಮೇ ತಿಂಗಳು ಸಾಕು. ಮಕ್ಕಳನ್ನು ಹುಲ್ಲುಗಾವಲಿನ ದಾರಿಗಳಲ್ಲಿ ನಡೆಸಬೇಕು ಎಂಬ ಆಸೆಯಿದ್ದವರು ಶಾಲೆಯಿಂದ ಅನುಮತಿ ಪಡೆದು ಜೂನ್‌ನಲ್ಲಿ ಹೋಗುವುದೇ ಸರಿ. ನಾವು ಹಾಗೆಯೇ ಮಾಡಿದೆವು. ಮುಖ್ಯೋಪಾಧ್ಯಾಯಿನಿಯವರು ಕೊಟ್ಟ ರಜೆಯ ಪತ್ರ ಮುಂದೆ ವೀಸಾ ಅರ್ಜಿಗೂ ಒದಗಿತು, ಏಕೆಂದರೆ ಮಕ್ಕಳು ಇಂಥ ದಿನ ತರಗತಿಗೆ ಹಿಂದಿರುಗುತ್ತಾರೆ ಎಂದು ಅದರಲ್ಲಿ ಬರೆದಿತ್ತು.

ಹೊರಟವರು ಐದು ಮಂದಿ: ನಾನು, ನನ್ನ ಯಜಮಾನರು, ಹದಿಮೂರು ವರ್ಷದ ಮಗಳು, ಎಂಟು ವರ್ಷದ ಮಗ ಮತ್ತು ನಿವೃತ್ತ ಶಿಕ್ಷಕಿಯಾದ ನಮ್ಮ ಅತ್ತೆ. ಅತ್ತೆಗೆ ರಕ್ತದೊತ್ತಡವಿದೆ, ಮಂಡಿ ನೋವಿದೆ, ಶುದ್ಧ ಸಸ್ಯಾಹಾರ. ಇಂಥ ತಂಡವೊಂದು ಪ್ರವಾಸ ಕಂಪನಿಯ ಗುಂಪಿನ ಓಟಕ್ಕೆ ಹೊಂದುವುದಿಲ್ಲ ಎಂದು ತಿಳಿದೇ, ಒಂದೇ ಊರಿನಲ್ಲಿ ಮನೆ ಹಿಡಿದು ಅಲ್ಲಿಂದಲೇ ಸುತ್ತಾಡುವುದೆಂದು ತೀರ್ಮಾನಿಸಿದೆವು. ಆ ತೀರ್ಮಾನದ ಪ್ರಯೋಜನ ನನಗೆ ಪ್ರತಿದಿನವೂ ಕಂಡಿತು. ಆದರೆ ಅದಕ್ಕೂ ಮೊದಲು ದಾಟಬೇಕಾದದ್ದು ವೀಸಾ.

ಸ್ವಿಟ್ಜರ್ಲೆಂಡೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಗೆ ಪ್ರಯಾಣದ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತೀರಾ ತಡವೆಂದರೆ 15 ದಿನ ಮೊದಲಾದರೂ ಹಾಕಿರಬೇಕು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ ಎಂದು ನಿಯಮ ಹೇಳಿದರೂ ಅದನ್ನು 45 ದಿನಗಳವರೆಗೆ ವಿಸ್ತರಿಸುವ ಅಧಿಕಾರ ದೂತಾವಾಸಕ್ಕೆ ಇದೆ. ಬೇಸಿಗೆಯ ಪ್ರಯಾಣಕ್ಕೆ ಇಡೀ ದೇಶವೇ ಅರ್ಜಿ ಹಾಕುವ ಹೊತ್ತಿನಲ್ಲಿ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಐದೂ ಜನರಿಗೆ ಒಂದೇ ದಿನದ ಸಮಯ ಸಿಗಲೆಂದು ಯಜಮಾನರು ಬೆಳಗಿನ ಜಾವ ಎದ್ದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಒಬ್ಬಿಬ್ಬರಿಗೆ ಸಿಕ್ಕರೂ ಅದನ್ನು ಕಾಯ್ದಿರಿಸಲಿಲ್ಲ, ಏಕೆಂದರೆ ಅರ್ಜಿಗಳು ಬೇರೆ ಬೇರೆ ದಿನ ಹೋದರೆ ಒಬ್ಬರ ವೀಸಾ ಬಂದು ಇನ್ನೊಬ್ಬರದು ಉಳಿಯುವ ಭಯವಿತ್ತು. ಜೂನ್ ಪ್ರಯಾಣವಿದ್ದರೆ ಫೆಬ್ರವರಿಯಲ್ಲೇ ಸಮಯ ಕಾಯ್ದಿರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಯಾವ ದೇಶದಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಎರಡು ದೇಶಗಳಲ್ಲಿ ಸಮನಾಗಿ ತಂಗುವುದಾದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮದು ಸ್ವಿಟ್ಜರ್ಲೆಂಡ್ ಒಂದೇ ಆದ್ದರಿಂದ ಈ ಲೆಕ್ಕಾಚಾರ ಬೇಕಾಗಲಿಲ್ಲ. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ಹಿಂದಿರುಗುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಅದರ ಅವಧಿ ಇರಬೇಕು, ಎರಡು ಪುಟಗಳಾದರೂ ಖಾಲಿಯಿರಬೇಕು. ಪ್ರಯಾಣ ವಿಮೆ 30,000 ಯೂರೋಗಿಂತ ಕಡಿಮೆಯದ್ದಾದರೆ ನಡೆಯುವುದಿಲ್ಲ. ಅತ್ತೆಯ ವಯಸ್ಸಿಗೆ ವಿಮೆಯ ಕಂತು ನಮ್ಮದಕ್ಕಿಂತ ಬಹಳ ಹೆಚ್ಚು ಬಂತು. ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಇದೆಯೇ ಎಂಬ ಸಾಲನ್ನು ಹುಡುಕಿ ಓದಿಯೇ ಹಣ ಕಟ್ಟಬೇಕು.

ದಾಖಲೆಗಳ ಪೈಕಿ ನಮ್ಮನ್ನು ಹೆಚ್ಚು ಸುತ್ತಿಸಿದ್ದು ಹೆಸರುಗಳು. ಕನ್ನಡಿಗರ ಹೆಸರಿನ ಹಿಂದೆ ಮುಂದೆ ಇರುವ ಇನಿಷಿಯಲ್‌ಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುತ್ತವೆ. ಅತ್ತೆಯ ಪಾಸ್‌ಪೋರ್ಟಿನಲ್ಲಿ ಊರು ಮತ್ತು ಮಾವನವರ ಹೆಸರು ಪೂರ್ತಿಯಾಗಿ ಬಿಡಿಸಿ ಬರೆದಿದ್ದರೆ, ಪಿಂಚಣಿ ಬರುವ ಬ್ಯಾಂಕಿನ ಖಾತೆಯಲ್ಲಿ ಎರಡು ಅಕ್ಷರಗಳು ಮಾತ್ರ ಇದ್ದವು, ಪಿಂಚಣಿ ಆದೇಶದಲ್ಲಿ ಮದುವೆಗೆ ಮೊದಲಿನ ಹೆಸರಿತ್ತು. ಎಲ್ಲ ಹೆಸರುಗಳೂ ಒಬ್ಬರದ್ದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಆಧಾರ್ ಪ್ರತಿಯ ಜೊತೆ ಲಗತ್ತಿಸಿದೆವು. ಮಗಳ ಜನನ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದುದರಿಂದ ಅದರ ಇಂಗ್ಲಿಷ್ ಅನುವಾದ ಬೇಕಾಯಿತು. ಬಾಡಿಗೆ ಮನೆಯ ಬುಕಿಂಗ್ ಚೀಟಿಯಲ್ಲಿ ಯಜಮಾನರ ಹೆಸರೊಂದೇ ಇದ್ದುದನ್ನು ಕೌಂಟರಿನಲ್ಲಿ ಎತ್ತಿ ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ಅಲ್ಲಿಂದಲೇ ಮನೆಯ ಒಡತಿಗೆ ಇಮೇಲ್ ಕಳುಹಿಸಿ, ಐವರ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಇರುವ ಪತ್ರವನ್ನು ತರಿಸಿಕೊಳ್ಳುವವರೆಗೆ ಮಧ್ಯಾಹ್ನವೆಲ್ಲ ಅಲ್ಲೇ ಕುಳಿತಿದ್ದೆವು. ಆ ಮಹಾತಾಯಿ ಊಟದ ಹೊತ್ತಿನಲ್ಲೇ ಉತ್ತರ ಕಳುಹಿಸಿದರು. ಬುಕಿಂಗ್ ಮಾಡುವಾಗಲೇ ಎಲ್ಲರ ಹೆಸರನ್ನೂ ಬರೆಸಿಬಿಟ್ಟರೆ ಈ ಪಾಡು ತಪ್ಪುತ್ತದೆ.

ಹನ್ನೆರಡು ವರ್ಷ ತುಂಬದ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ಮಗಳದ್ದನ್ನು ತೆಗೆದರು, ಮಗನದ್ದನ್ನು ಬಿಟ್ಟರು. ತೊಂದರೆಯಾದದ್ದು ಅತ್ತೆಗೆ. ಸೀಮೆಸುಣ್ಣ ಹಿಡಿದು, ಪಾತ್ರೆ ಬೆಳಗಿ ಸವೆದ ಆ ಬೆರಳುಗಳ ಗೆರೆ ಯಂತ್ರಕ್ಕೆ ಕಾಣಿಸಲಿಲ್ಲ. ಸಿಬ್ಬಂದಿ ತಾಳ್ಮೆಯಿಂದ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ ಮತ್ತೆ ಮತ್ತೆ ಒತ್ತಿಸಿದರು. ಹಿರಿಯರನ್ನು ಕರೆದೊಯ್ಯುವವರು ಹಿಂದಿನ ಕೆಲವು ದಿನ ಅವರ ಕೈಗೆ ಕೊಬ್ಬರಿ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿ ಚರ್ಮವನ್ನು ಮೆತ್ತಗಿಟ್ಟರೆ ಅನುಕೂಲ.

ಶುಲ್ಕದ ವಿಚಾರ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ 45 ಯೂರೋ. ಆರು ತುಂಬದ ಮಕ್ಕಳಿಗೆ ಇಲ್ಲ. ಹದಿಮೂರರ ಮಗಳಿಗೆ ಪೂರ್ತಿ ಶುಲ್ಕ. ಕೇಂದ್ರದ ಸೇವಾ ಶುಲ್ಕವೂ ಸೇರಿ ನಲವತ್ತು ಸಾವಿರ ರೂಪಾಯಿ ದಾಟಿತು. ವೀಸಾ ನಿರಾಕರಿಸಿದರೆ ಈ ಹಣ ವಾಪಸ್ ಬರುವುದಿಲ್ಲ. ಅದಕ್ಕಾಗಿಯೇ ವಿಮಾನದ ಟಿಕೆಟ್ಟು ಮತ್ತು ಮನೆ ಎರಡನ್ನೂ, ಸ್ವಲ್ಪ ದುಬಾರಿಯಾದರೂ, ರದ್ದು ಮಾಡಿದರೆ ಹಣ ಮರಳುವಂತೆ ಕಾಯ್ದಿರಿಸಿದ್ದೆವು.

ಆಮೇಲೆ ಕಾಯುವಿಕೆ. ಪಾಸ್‌ಪೋರ್ಟುಗಳು ಅಲ್ಲಿ, ನಾವು ಇಲ್ಲಿ. ಮೊಬೈಲಿಗೆ ಸಂದೇಶ ಬಂದಾಗಲೆಲ್ಲ ಮಗ ಓಡಿಬಂದು ನೋಡುತ್ತಿದ್ದ. ಅತ್ತೆ ಮಾತ್ರ, "ಬರೋದಾದ್ರೆ ಬರುತ್ತೆ, ನೀನ್ಯಾಕಮ್ಮ ಊಟ ಬಿಟ್ಟು ಕೂತ್ಕೊತೀಯ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಹೊರಡುವ ದಿನ ತೀರ ಹತ್ತಿರ ಬಂದಾಗ ಪಾರ್ಸೆಲ್ ಬಂತು. ಲಕೋಟೆ ಒಡೆದ ಕೂಡಲೇ ನೋಡಬೇಕಾದ ಎರಡು ಸಂಗತಿಗಳಿವೆ: ವೀಸಾ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದೆ, ಮತ್ತು ಅದರೊಳಗೆ ಎಷ್ಟು ದಿನ ಇರಬಹುದು. ಈ ಎರಡೂ ಒಂದೇ ಅಲ್ಲ. ಅವಧಿ ಉದ್ದವಿದ್ದರೂ ತಂಗುವ ದಿನಗಳು ಕಡಿಮೆ ಇರಬಹುದು.

ಸಾಮಾನು ಕಟ್ಟುವಾಗ ತಿಳಿದಿರಬೇಕಾದ ಕಟ್ಟುನಿಟ್ಟಿನ ನಿಯಮವೊಂದಿದೆ. ಭಾರತದಿಂದ ಸ್ವಿಟ್ಜರ್ಲೆಂಡಿಗೆ ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ತುಪ್ಪ, ಪೇಡ, ಹಾಲಿನ ಸಿಹಿಗಳು ಎಲ್ಲವೂ ಇದರಲ್ಲಿ ಬಂದವು. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣು ಕೂಡ ಇಲ್ಲ. ಅತ್ತೆ ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ, ಸಾರಿನ ಪುಡಿ ಮತ್ತು ಒಣಗಿಸಿದ ಕರಿಬೇವನ್ನು ಕಟ್ಟಿದರು. ತುಪ್ಪದ ಬದಲು ಅಲ್ಲಿಯ ಬೆಣ್ಣೆಯನ್ನು ಕೊಂಡು ಮನೆಯಲ್ಲೇ ಕಾಯಿಸಿದೆವು. ಆ ಹುಲ್ಲುಗಾವಲಿನ ಬೆಣ್ಣೆಯ ತುಪ್ಪದ ಘಮ ಅತ್ತೆಗೆ ಬಹಳ ಹಿಡಿಸಿತು. ಇನ್ನೊಂದು ಮಾತು: ಸ್ವಿಸ್ ಗೋಡೆಯ ಸಾಕೆಟ್ ಆರು ಮೂಲೆಯ ಸಣ್ಣ ಗುಂಡಿಯಂತೆ ಒಳಗೆ ತಗ್ಗಿರುತ್ತದೆ. ನಮ್ಮಲ್ಲಿ ಸಿಗುವ ದಪ್ಪನೆಯ ಯೂನಿವರ್ಸಲ್ ಅಡಾಪ್ಟರುಗಳು ಅದರೊಳಗೆ ಕೂರುವುದಿಲ್ಲ. ಸ್ವಿಸ್ ಸಾಕೆಟ್ಟಿಗೆಂದೇ ಮಾಡಿದ ಅಡಾಪ್ಟರ್ ಬೇಕು.

ಬೆಂಗಳೂರಿನಿಂದ ಕೊಲ್ಲಿ ದೇಶದ ಮೂಲಕ ಜ್ಯೂರಿಕ್ ತಲುಪಿ, ವಿಮಾನ ನಿಲ್ದಾಣದ ಕೆಳಗೇ ಇರುವ ಸ್ಟೇಷನ್ನಿನಿಂದ ರೈಲು ಹತ್ತಿದೆವು. ದೊಡ್ಡವರು ಮೂವರಿಗೂ ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಂಡಿದ್ದೆವು. ಅದರ ಜೊತೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆದರೆ ತಂದೆ ಅಥವಾ ತಾಯಿಯ ಜೊತೆಗಿರುವ ಆರರಿಂದ ಹದಿನೈದು ವರ್ಷದ ಮಕ್ಕಳಿಗೆ ಟಿಕೆಟ್ಟೇ ಬೇಡ. ರೈಲು, ಬಸ್ಸು, ಸರೋವರದ ದೋಣಿ ಎಲ್ಲವೂ ಪಾಸಿನೊಳಗೆ ಬರುತ್ತವೆ. ಇಂಟರ್‌ಲಾಕೆನ್‌ನಲ್ಲಿ ಬದಲಿಸುವ ಬೆಟ್ಟದ ರೈಲಿನಲ್ಲಿ ಎಚ್ಚರ ಬೇಕು: ಟ್ಸ್ವೈಲ್ಯುಟ್ಶಿನೆನ್ ಎಂಬ ಸಣ್ಣ ನಿಲ್ದಾಣದಲ್ಲಿ ರೈಲು ಎರಡಾಗಿ, ಒಂದು ಭಾಗ ಲೌಟರ್‌ಬ್ರುನನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡಿಗೆ ಹೋಗುತ್ತದೆ. ನಮ್ಮ ಮುಂದೆಯೇ ಹೊಸ ದಂಪತಿಯೊಬ್ಬರು ಪೆಟ್ಟಿಗೆಗಳನ್ನು ಎಳೆದುಕೊಂಡು ಕೊನೆಯ ಗಳಿಗೆಯಲ್ಲಿ ಬೋಗಿ ಬದಲಿಸಿದರು. ಬೋಗಿಯ ಹೊರಗಿನ ಫಲಕವನ್ನು ಓದಿಯೇ ಹತ್ತಬೇಕು.

ನಾವು ಮನೆ ಹಿಡಿದದ್ದು ವೆಂಗೆನ್‌ನಲ್ಲಿ. ಲೌಟರ್‌ಬ್ರುನನ್ ಕಣಿವೆಯ ಬಂಡೆಯ ನೆತ್ತಿಯ ಮೇಲೆ, 1,274 ಮೀಟರ್ ಎತ್ತರದಲ್ಲಿರುವ ಈ ಊರಿಗೆ ಕಾರು ಬರುವುದಿಲ್ಲ, ಕಣಿವೆಯಿಂದ ರೈಲಿನಲ್ಲೇ ಬರಬೇಕು. ಮಕ್ಕಳನ್ನು ರಸ್ತೆಗೆ ಧೈರ್ಯವಾಗಿ ಬಿಡಬಹುದಾದ ಊರು. ಹೋಟೆಲಿನ ಬದಲು ಅಡುಗೆಮನೆಯಿರುವ ಮನೆ ಹಿಡಿದದ್ದರಿಂದ ಊಟದ ಖರ್ಚು ಅರ್ಧಕ್ಕೂ ಕೆಳಗಿಳಿಯಿತು. ಒಂದು ಫ್ರಾಂಕ್ ನೂರು ರೂಪಾಯಿ ದಾಟಿರುವಾಗ, ಹೋಟೆಲಿನಲ್ಲಿ ಒಬ್ಬರ ಊಟಕ್ಕೆ ಇಪ್ಪತ್ತರಿಂದ ಮೂವತ್ತು ಫ್ರಾಂಕ್ ಕೊಡುವುದು ಐದು ಜನರ ಕುಟುಂಬಕ್ಕೆ ದಿನವೂ ಆಗುವ ಮಾತಲ್ಲ. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಶನಿವಾರವೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಿ. ನೀರಿನ ಬಾಟಲಿ ಕೊಳ್ಳಲೇಬೇಡಿ, ನಲ್ಲಿಯ ನೀರೂ ಬೀದಿಯ ಕಾರಂಜಿಯ ನೀರೂ ಕುಡಿಯಲು ಯೋಗ್ಯ. ಕುಡಿಯಬಾರದ ಕಡೆ "ಕೈನ್ ಟ್ರಿಂಕ್‌ವಾಸರ್" ಎಂದು ಬರೆದಿರುತ್ತಾರೆ. ಕಟ್ಟಾ ಸಸ್ಯಾಹಾರಿಗಳು ಗಮನಿಸಬೇಕಾದದ್ದು ಚೀಸ್: ಗ್ರುಯೇರ್, ಎಮೆಂಟಾಲ್‌ನಂಥ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದು ತಿಳಿದ ಮೇಲೆ ಅತ್ತೆ ಮುಟ್ಟಲಿಲ್ಲ. ಆಲೂಗಡ್ಡೆಯ ರೋಸ್ಟಿ ಕೇಳುವಾಗಲೂ ಹಂದಿ ಮಾಂಸದ ತುಣುಕು ಬೇಡವೆಂದು ಮೊದಲೇ ಹೇಳಬೇಕು.

ಬೆಟ್ಟದ ಮೇಲೆ ಮೋಡವೇ ಯಜಮಾನ. ಮೊದಲ ಕೆಲವು ದಿನ ಮಳೆ ಸುರಿದು, ಎದುರಿಗೇ ಇರಬೇಕಾದ ಯೂಂಗ್‌ಫ್ರೌ ಶಿಖರ ಕಾಣಲೇ ಇಲ್ಲ. ಮಕ್ಕಳ ಮುಖ ಬಾಡಿತು. ಆ ದಿನಗಳನ್ನು ನಾವು ಟ್ರ್ಯುಮೆಲ್‌ಬಾಖ್‌ಗೆ ಕೊಟ್ಟೆವು. ಐಗರ್, ಮ್ಯೋಂಖ್, ಯೂಂಗ್‌ಫ್ರೌ ಮೂರೂ ಶಿಖರಗಳ ಹಿಮನದಿಗಳು ಕರಗಿದ ನೀರು ಬೆಟ್ಟದ ಹೊಟ್ಟೆಯೊಳಗೇ ಹತ್ತು ಮಜಲಾಗಿ ಧುಮುಕುವ ಜಾಗ ಅದು. ಸುರಂಗದೊಳಗಿನ ಲಿಫ್ಟಿನಲ್ಲಿ ಮೇಲೇರಿ ಮೆಟ್ಟಿಲಿಳಿಯುತ್ತ ಬಂದರೆ, ಸೆಕೆಂಡಿಗೆ 20,000 ಲೀಟರ್‌ವರೆಗೂ ಹರಿಯುವ ಆ ನೀರು ಬಂಡೆಯನ್ನು ಕೊರೆದು ತಿರುಚಿಕೊಂಡು ಬೀಳುವುದು ಕೈಯಳತೆಯಲ್ಲೇ ಕಾಣುತ್ತದೆ. ಕಂಬಿ ಹಿಡಿದರೆ ಅಂಗೈಯಲ್ಲಿ ನಡುಕ ತಿಳಿಯುತ್ತದೆ. ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ. ಮಗ ನನ್ನ ಸೊಂಟವನ್ನು ತಬ್ಬಿಕೊಂಡು, ಕಣ್ಣು ಮಾತ್ರ ತೆರೆದು ನೋಡುತ್ತಿದ್ದ. ಜೋರು ಮಳೆಯಲ್ಲೂ ನೋಡಬಹುದಾದ ಸ್ಥಳವಿದು. ರೇನ್‌ಕೋಟ್, ಜಾರದ ಬೂಟು ಬೇಕು. ನಾಲ್ಕು ವರ್ಷ ತುಂಬದ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಮಂಡಿ ನೋವಿನವರಿಗೆ ಮೆಟ್ಟಿಲು ಕಷ್ಟ. ಅತ್ತೆ ಕೆಳಗೇ ಕುಳಿತರು.

ಯೂಂಗ್‌ಫ್ರೌ ಶಿಖರದ ಪಕ್ಕದಲ್ಲಿ ಬೆಟ್ಟದ ರೈಲು ಕೊನೆಗೊಳ್ಳುವ ಎತ್ತರದ ನಿಲ್ದಾಣವಾದ ಯೂಂಗ್‌ಫ್ರೌಯೋಖ್‌ನ ಟಿಕೆಟ್ಟನ್ನು ಮೈಸೂರಿನಲ್ಲೇ ಕೊಂಡು ದಿನ ನಿಗದಿ ಮಾಡಬೇಡಿ ಎಂಬುದು ನನ್ನ ಗಟ್ಟಿಯಾದ ಸಲಹೆ. ಪೂರ್ತಿ ದರ ಒಬ್ಬರಿಗೆ ಇನ್ನೂರು ಫ್ರಾಂಕ್‌ಗೂ ಮೇಲೆ. ಟ್ರಾವೆಲ್ ಪಾಸ್ ವೆಂಗೆನ್‌ವರೆಗೆ ಮಾತ್ರ ಪೂರ್ತಿ ನಡೆಯುತ್ತದೆ, ಅಲ್ಲಿಂದ ಮೇಲಕ್ಕೆ ಶೇಕಡಾ 25ರಷ್ಟು ರಿಯಾಯಿತಿ. ಇಷ್ಟು ಹಣ ಕೊಟ್ಟು ಬಿಳಿ ಮಂಜಿನ ಗೋಡೆ ನೋಡಿ ಇಳಿದವರನ್ನು ನಾವು ಅಲ್ಲಿ ಕಂಡೆವು. ಶಿಖರದ ಮೇಲಿನ ಕ್ಯಾಮರಾ ನೇರವಾಗಿ ತೋರಿಸುವ ಚಿತ್ರವನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ಮುನ್ಸೂಚನೆ ಚೆನ್ನಾಗಿದ್ದ ದಿನದ ಹಿಂದಿನ ಸಂಜೆ ಸೀಟು ಕಾಯ್ದಿರಿಸಿ, ಬೆಳಿಗ್ಗೆ ಎದ್ದು ಕ್ಯಾಮರಾ ನೋಡಿ ಹೊರಟೆವು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗುವುದು ಅಲ್ಲಿ ಸಾಮಾನ್ಯ. ಬೆಳಗಿನ ರೈಲೇ ಒಳ್ಳೆಯದು.

ಅತ್ತೆಯನ್ನು ಕರೆದೊಯ್ಯುವ ಬಗ್ಗೆ ಮೈಸೂರಿನಲ್ಲೇ ವೈದ್ಯರನ್ನು ಕೇಳಿದ್ದೆವು. 3,454 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ; ರೈಲಿನಲ್ಲಿ ಕುಳಿತೇ ಅಷ್ಟು ಬೇಗ ಏರುವುದರಿಂದ ತಲೆನೋವು, ತಲೆಸುತ್ತು, ಏದುಸಿರು ಬರಬಹುದು. ಮಾತ್ರೆ ತಪ್ಪಿಸಬೇಡಿ, ನೀರು ಕುಡಿಯಿರಿ, ಅವಸರದಲ್ಲಿ ನಡೆಯಬೇಡಿ, ತಲೆ ಭಾರವಾದರೆ ಕೂಡಲೇ ಕೆಳಗಿಳಿಯಿರಿ ಎಂದಿದ್ದರು. 1896ರಲ್ಲಿ ಕೆಲಸ ಆರಂಭವಾಗಿ 1912ರಲ್ಲಿ ಮುಗಿದ ಈ ರೈಲುಮಾರ್ಗದ ಏಳು ಕಿಲೋಮೀಟರಿಗೂ ಹೆಚ್ಚು ಭಾಗ ಐಗರ್ ಮತ್ತು ಮ್ಯೋಂಖ್ ಪರ್ವತಗಳೊಳಗಿನ ಸುರಂಗ. ಐಸ್‌ಮೇರ್ ಎಂಬಲ್ಲಿ ಐದು ನಿಮಿಷ ನಿಲ್ಲಿಸುತ್ತಾರೆ, ಬಂಡೆಯಲ್ಲಿ ಕೊರೆದ ಕಿಟಕಿಯಿಂದ ಹಿಮ ಕಾಣುತ್ತದೆ. ಮೇಲೆ ತಲುಪಿದಾಗ ಮಗಳಿಗೆ ತಲೆನೋವು ಬಂತು. ಅತ್ತೆಗೆ ಏನೂ ಆಗಲಿಲ್ಲ. ಸೀರೆಯೊಳಗೆ ಥರ್ಮಲ್, ಮೇಲೆ ನನ್ನ ಜಾಕೆಟ್, ಕಾಲಿಗೆ ಬೂಟು ತೊಟ್ಟು, ಗಾಜಿನ ಪಕ್ಕದ ಬೆಂಚಿನಲ್ಲಿ ಕುಳಿತು, ಸುಮಾರು 20 ಕಿಲೋಮೀಟರ್ ಉದ್ದದ ಆಲೆಚ್ ಹಿಮನದಿ ಬಾಗಿ ಹೋಗುವುದನ್ನು ನೋಡುತ್ತಿದ್ದವರು, "ಮಕ್ಕಳಿಗೆ ಪಾಠದಲ್ಲಿ ಹೇಳ್ತಿದ್ದೆ, ಇದೇನಾ ಅದು" ಎಂದರು. ಮೂವತ್ತು ವರ್ಷ ಭೂಗೋಳ ಕಲಿಸಿದವರ ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು. ವೀಸಾಗಾಗಿ ಪಟ್ಟ ಪಾಡೆಲ್ಲ ಆಗ ಸಾರ್ಥಕವೆನಿಸಿತು.

ಆದರೆ ನಮ್ಮೆಲ್ಲರ ಮನಸ್ಸಿನಲ್ಲಿ ಉಳಿದ ದಿನ ಖರ್ಚಿನ ಶಿಖರದ್ದಲ್ಲ. ವೆಂಗೆನ್‌ನಿಂದ ಕೇಬಲ್ ಕಾರಿನಲ್ಲಿ ಮೆನ್ಲಿಖೆನ್ ಬೆಟ್ಟಕ್ಕೆ ಏರಿ, ಅಲ್ಲಿಂದ ಕ್ಲೈನೆ ಶೈಡೆಗ್ ರೈಲು ನಿಲ್ದಾಣದವರೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ನಡೆದ ದಿನ. ದಾರಿ ಅಗಲ, ನಯವಾದ ಇಳಿಜಾರು. ಎದುರಿಗೆ ಮೂರೂ ಶಿಖರಗಳು, ಕಾಲಬುಡದಲ್ಲಿ ನೀಲಿ ಜೆಂಷಿಯನ್ ಹೂಗಳು, ನೆರಳಿನ ಕಡೆ ಇನ್ನೂ ಉಳಿದ ಹಿಮದ ಪಟ್ಟಿಗಳು. ಹಳದಿ ಫಲಕಗಳು ತೋರಿಸುವ ನಡಿಗೆಯ ಸಮಯದಲ್ಲಿ ವಿಶ್ರಾಂತಿ ಸೇರಿರುವುದಿಲ್ಲ. ಒಂದೂವರೆ ಗಂಟೆ ಎಂದಿದ್ದ ದಾರಿಗೆ ನಾವು ಅದರ ಎರಡರಷ್ಟಕ್ಕಿಂತ ಹೆಚ್ಚು ತೆಗೆದುಕೊಂಡೆವು, ಬೆಂಚು ಕಂಡಲ್ಲೆಲ್ಲ ಕುಳಿತು ಅವಲಕ್ಕಿ ತಿಂದೆವು. ಹಿರಿಯರು ಮತ್ತು ಮಕ್ಕಳಿರುವವರು ಹಳದಿ ಗುರುತಿನ ದಾರಿಗಳಲ್ಲೇ ಇರಬೇಕು. ಬಿಳಿ-ಕೆಂಪು-ಬಿಳಿ ಗುರುತಿನವು ಕಡಿದಾದ ಬೆಟ್ಟದ ದಾರಿಗಳು, ಬಿಳಿ-ನೀಲಿ-ಬಿಳಿ ಗುರುತು ಪರ್ವತಾರೋಹಣ ಬಲ್ಲವರಿಗೆ. ಕರುಗಳೊಂದಿಗೆ ಮೇಯುವ ಹಸುಗಳನ್ನು ಮುಟ್ಟಲು ಮಕ್ಕಳನ್ನು ಬಿಡಬೇಡಿ. ನಮ್ಮ ಮನೆಯ ಹಸುವಿನಂತೆ ಅವು ಸುಮ್ಮನೆ ನಿಲ್ಲುವುದಿಲ್ಲ.

ದಾರಿ ಮುಚ್ಚಿದೆ ಎಂಬ ಫಲಕವಿದ್ದರೆ ತಿರುಗಿ ಬರಬೇಕು, ವಾದ ಬೇಡ. ನಾವಿದ್ದ ಕಣಿವೆಯ ದಕ್ಷಿಣದ ಪರ್ವತಶ್ರೇಣಿಯ ಆಚೆಗಿರುವ ಲೋಟ್ಷೆನ್‌ಟಾಲ್ ಕಣಿವೆಯ ಬ್ಲಾಟೆನ್ ಹಳ್ಳಿ, 2025ರ ಮೇ 28ರಂದು ಕುಸಿದ ಹಿಮನದಿ ಮತ್ತು ಬಂಡೆಗಳಡಿ ಬಹುಪಾಲು ಹೂತುಹೋಯಿತು. ಅಪಾಯದ ಸೂಚನೆ ಕಂಡು ಸುಮಾರು 300 ನಿವಾಸಿಗಳನ್ನು ಕೆಲವು ದಿನ ಮೊದಲೇ ತೆರವುಗೊಳಿಸಿದ್ದರಿಂದ ದೊಡ್ಡ ಪ್ರಾಣಹಾನಿ ತಪ್ಪಿತು. ಆಂಬುಲೆನ್ಸ್‌ಗೆ 144, ಹೆಲಿಕಾಪ್ಟರ್ ರಕ್ಷಣೆಗೆ 1414 ಎಂಬ ಸಂಖ್ಯೆಗಳನ್ನು ಮಗಳ ಫೋನಿನಲ್ಲೂ ಬರೆದಿಟ್ಟಿದ್ದೆವು. ಬಳಸುವ ಸಂದರ್ಭ ಬರಲಿಲ್ಲ.

ಮರಳಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ಮಾಡಿದ ನಿಯಮದ ಪ್ರಕಾರ, ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾಗಳನ್ನು ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಹಲವು ಬಾರಿ ಹೋಗಿಬರಬಹುದಾದ ವೀಸಾ ಸಿಗಬಹುದು. ಅದರ ನಂತರ ಪಾಸ್‌ಪೋರ್ಟಿನ ಅವಧಿ ಉಳಿದಿದ್ದರೆ ಐದು ವರ್ಷದ್ದು. ಆದ್ದರಿಂದ ಬೋರ್ಡಿಂಗ್ ಪಾಸ್, ಮನೆಯ ರಸೀದಿ, ವಿಮೆಯ ಪತ್ರ ಯಾವುದನ್ನೂ ಎಸೆಯಬೇಡಿ. ಅವಧಿ ಮುಗಿದ ಪಾಸ್‌ಪೋರ್ಟಿನಲ್ಲಿ ವೀಸಾ ಇದ್ದರೆ ಅದನ್ನೂ ಹೊಸದರ ಜೊತೆಗೇ ಇಡಿ. ಅತ್ತೆಯ ಅಫಿಡವಿಟ್ಟಿನ ಮೂಲಪ್ರತಿ ಮತ್ತು ಮಗಳ ಜನನ ಪ್ರಮಾಣಪತ್ರದ ಅನುವಾದವನ್ನು ನಾವು ಅದೇ ಫೈಲಿನಲ್ಲಿ ಸೇರಿಸಿಟ್ಟಿದ್ದೇವೆ. ಬ್ಯಾಂಕ್ ಖಾತೆಯಲ್ಲಿ ಅತ್ತೆಯ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆ ತಿದ್ದಿಸಲು ಈ ವಾರ ಅರ್ಜಿ ಕೊಟ್ಟು ಬಂದೆವು.